ಲೋ ಸೋಡಿಯಂ ಉಪ್ಪು ಅಪ್ಪನಿಗೆ ಒಳ್ಳೇದಾ?

ಈ ವಾರದ ಪತ್ರ ಬೆಂಗಳೂರಿನಿಂದ. ಬರೆದವರು ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಯುವತಿ. ಅಪ್ಪ ಅಮ್ಮ ಇರೋದು ಹಾಸನದ ಹತ್ತಿರದ ಊರಲ್ಲಿ. "ಡಾಕ್ಟ್ರೇ, ಅಪ್ಪಂಗೆ ಹದಿನೈದು ವರ್ಷದಿಂದ ಶುಗರ್, ಬಿ.ಪಿ. ಎರಡೂ ಇದೆ. ಉಪ್ಪು ಕಡಿಮೆ ಮಾಡಿ ಅಂದ್ರೆ ಕೇಳಲ್ಲ. ಸಾರು ಸಪ್ಪೆ ಆದ್ರೆ ತಟ್ಟೆ ಪಕ್ಕಕ್ಕೆ ತಳ್ಳಿಬಿಡ್ತಾರೆ. ಅದಕ್ಕೇ ಆನ್‌ಲೈನಲ್ಲಿ ಲೋ ಸೋಡಿಯಂ ಉಪ್ಪು ಆರ್ಡರ್ ಮಾಡಿ ಊರಿಗೇ ಕಳಿಸಿದೆ. ಈಗ ಅಮ್ಮ ಎಲ್ಲಾ ಅಡುಗೆಗೂ ಅದನ್ನೇ ಹಾಕ್ತಿದ್ದಾರೆ. ಅಪ್ಪಂಗೂ ರುಚಿ ಒಪ್ಪಿಗೆ ಆಗಿದೆ. ಒಳ್ಳೇದೇ ಅಲ್ವಾ?"

ಜೊತೆಗೆ ಅಪ್ಪ ತಗೊಳ್ಳುವ ಮಾತ್ರೆಗಳ ಫೋಟೊ ಕಳಿಸಿದ್ದರು. ಅದರಲ್ಲಿ ಟೆಲ್ಮಿಸಾರ್ಟನ್ ಇತ್ತು. ಕ್ರಿಯಾಟಿನಿನ್ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿಸಿದ್ದು ಅಂತ ಕೇಳಿದೆ. "ಕೋವಿಡ್‌ಗೆ ಮುಂಚೆ ಇರಬೇಕು" ಅಂತ ಉತ್ತರ ಬಂತು.

ಅವರಿಗೆ ಅದೇ ದಿನ ಚುಟುಕಾಗಿ ಬರೆದೆ: ಆ ಪ್ಯಾಕೆಟ್ ಇವತ್ತೇ ಪಕ್ಕಕ್ಕಿಡಲಿ, ಈ ವಾರವೇ ರಕ್ತಪರೀಕ್ಷೆ ಆಗಲಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಕಾರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಊರಿನ ಅಪ್ಪ ಅಮ್ಮನಿಗೆ ಫೋನಿನಿಂದಲೇ ಆರೋಗ್ಯ ಆರ್ಡರ್ ಮಾಡಿ ಕಳಿಸುವ ಮಕ್ಕಳು ಈಗ ಮನೆಮನೆಯಲ್ಲೂ ಇದ್ದಾರೆ. ಕಳಿಸುವುದರ ಹಿಂದೆ ಪ್ರೀತಿ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಮೊದಲು ಪ್ಯಾಕೆಟ್ ತಿರುಗಿಸಿ ಹಿಂದುಗಡೆ ಓದಿ. ಮಾಮೂಲಿ ಉಪ್ಪು ಅಂದ್ರೆ ಸೋಡಿಯಂ ಕ್ಲೋರೈಡ್. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಅದೂ ಉಪ್ಪುಪ್ಪಾಗೇ ಇರುತ್ತದೆ, ಸ್ವಲ್ಪ ಕಹಿ ಒಗರು ನಾಲಿಗೆಗೆ ಸಿಗುತ್ತದೆ ಅಷ್ಟೆ. ಎಷ್ಟು ಪಾಲು ಅನ್ನೋದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ.

ಈ ಉಪ್ಪು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ಇದು ಸಣ್ಣ ಲಾಭವಲ್ಲ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮಾಮೂಲಿ ಉಪ್ಪಿನ ಬದಲು ಇಂಥ ಉಪ್ಪು ಬಳಸಬಹುದು ಎಂದು ಸಲಹೆ ಕೊಟ್ಟಿತು. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಂದಿದ್ದು ಇಷ್ಟೇ.

ಉಳಿದರ್ಧ ಬರಲಿಲ್ಲ. ಆ ಸಲಹೆ ಮಕ್ಕಳಿಗಲ್ಲ, ಗರ್ಭಿಣಿಯರಿಗಲ್ಲ, ಕಿಡ್ನಿ ತೊಂದರೆ ಇರುವವರಿಗಲ್ಲ, ಪೊಟ್ಯಾಸಿಯಂ ಹೊರಹಾಕಲು ದೇಹಕ್ಕೆ ಅಡ್ಡಿಯಾಗುವ ಬೇರೆ ಸ್ಥಿತಿ ಇರುವವರಿಗೂ ಅಲ್ಲ ಅಂತ ಅದರಲ್ಲೇ ಇದೆ. ಚೀನಾದ ಅಧ್ಯಯನದಲ್ಲೂ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಹದಿನೈದು ವರ್ಷದ ಶುಗರ್ ಇರುವ, ವರ್ಷಗಟ್ಟಲೆ ಕ್ರಿಯಾಟಿನಿನ್ ನೋಡದ ಒಬ್ಬ ಅಪ್ಪ ಯಾವ ಗುಂಪಿಗೆ ಸೇರುತ್ತಾರೆ ಅಂತ ಯಾರಿಗೆ ಗೊತ್ತು? ಅದನ್ನು ತಿಳಿಯೋಕೇ ರಕ್ತಪರೀಕ್ಷೆ.

ಈಗ ಪೊಟ್ಯಾಸಿಯಂ ವಿಷಯಕ್ಕೆ ಬರೋಣ. ನಮ್ಮ ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೆ ಇರುತ್ತದೆ. ರಕ್ತದಲ್ಲಿ ಓಡಾಡೋದು ಚೂರೇ ಚೂರು. ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್ ಇದ್ದರೆ ಸರಿ. ಈ ಒಳಗು ಹೊರಗಿನ ವ್ಯತ್ಯಾಸದ ಮೇಲೇ ನರ, ಸ್ನಾಯು, ಹೃದಯದ ವಿದ್ಯುತ್ ಕೆಲಸ ನಡೆಯೋದು. ರಕ್ತದಲ್ಲಿ 5.5 ದಾಟಿದರೆ ನಾವು ಹುಬ್ಬೇರಿಸುತ್ತೇವೆ, 6.5 ದಾಟಿದರೆ ಓಡುತ್ತೇವೆ. ಶುಗರ್ 120 ಇದ್ದದ್ದು 240 ಆದರೂ ಮನುಷ್ಯ ಕಾಫಿ ಕುಡಿಯುತ್ತಾ ಕೂತಿರಬಹುದು. ಪೊಟ್ಯಾಸಿಯಂ 4 ಇದ್ದದ್ದು 8 ಆದರೆ ಆ ಮಾತಿಲ್ಲ.

ಹಾಗಂತ ಒಂದು ಬಾಳೆಹಣ್ಣು ತಿಂದಾಗೆಲ್ಲಾ ಹೆದರಬೇಕಿಲ್ಲ. ತಿಂದ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತಿದ್ದ ಹಾಗೇ ಇನ್ಸುಲಿನ್ ಅದನ್ನು ಜೀವಕೋಶದೊಳಗೆ ತಳ್ಳುತ್ತದೆ. ಆಮೇಲೆ ಕೆಲವು ಗಂಟೆಗಳಲ್ಲಿ ಕಿಡ್ನಿ ಹೆಚ್ಚಿನದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಚೆನ್ನಾಗಿರುವ ವಯಸ್ಕರು ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ತಿನ್ನಬೇಕು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಸೊಪ್ಪು, ಕಾಳು, ಹಣ್ಣು ತಿನ್ನುವ ಆರೋಗ್ಯವಂತರಿಗೆ ಈ ಲೇಖನ ಓದಿ ಊಟ ಬಿಡುವ ಅಗತ್ಯ ಖಂಡಿತಾ ಇಲ್ಲ.

ತೊಂದರೆ ಶುರುವಾಗೋದು ಹೊರಗೆ ಹೋಗುವ ಬಾಗಿಲು ಚಿಕ್ಕದಾದಾಗ. ಕಿಡ್ನಿಯ ಶಕ್ತಿ ಕುಂದಿದರೆ ಬಾಗಿಲು ಚಿಕ್ಕದಾಗುತ್ತದೆ. ಕೆಲವು ಮಾತ್ರೆಗಳೂ ಅದನ್ನು ಚಿಕ್ಕದು ಮಾಡುತ್ತವೆ: ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್, ಹೃದಯ ದುರ್ಬಲ ಇದ್ದವರಿಗೂ ಲಿವರ್ ಕಾಯಿಲೆಯವರಿಗೂ ಕೊಡುವ ಸ್ಪೈರೋನೊಲ್ಯಾಕ್ಟೋನ್. ಇವು ಒಳ್ಳೆಯ ಔಷಧಿಗಳು, ಎಷ್ಟೋ ಜನರ ಕಿಡ್ನಿ ಮತ್ತು ಹೃದಯ ಉಳಿಸಿವೆ, ಓದಿ ಹೆದರಿ ನಿಲ್ಲಿಸಬೇಡಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಇದೇ ಸಾಲಿನವು. ಉರಿಮೂತ್ರಕ್ಕೆ ಬರೆಯುವ ಕೋಟ್ರೈಮಾಕ್ಸಜೋಲ್ ಕೂಡ. ವಯಸ್ಸಾದವರ ಡಬ್ಬಿಯಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರೋದು ಅಪರೂಪವಲ್ಲ. ಅದರ ಜೊತೆ ಎರಡು ದಿನ ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾಯಿತು ಅನ್ನಿ, ಬಾಗಿಲು ಮುಚ್ಚಿಯೇ ಹೋಗಬಹುದು.

ಒಂದು ಲೆಕ್ಕ ಹಾಕೋಣ. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದವರಿಗೆ ಕುಡಿಯೋಕೆ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ಬರೆಯುತ್ತೇವೆ. ಸಾಮಾನ್ಯವಾಗಿ ಸಿಗುವ ಬಾಟಲಿಯ 15 ಮಿಲಿ ಅಂದ್ರೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 20 ಮಿಲಿ ಈಕ್ವಿವಲೆಂಟ್. ಇದನ್ನು ಬರೆಯುವಾಗ ಎಂಥ ಡಾಕ್ಟರೂ ರಕ್ತದ ರಿಪೋರ್ಟ್ ನೋಡುತ್ತಾರೆ, ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಈಗ ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಒಬ್ಬರು ದಿನಕ್ಕೆ 8 ಗ್ರಾಂ ತಿಂದರು ಅಂತ ಇಟ್ಟುಕೊಳ್ಳಿ. ನಮ್ಮ ಸಾರು, ಪಲ್ಯ, ಮಜ್ಜಿಗೆ ಎಲ್ಲಾ ಸೇರಿದರೆ ಅಷ್ಟು ಆಗಿಯೇ ಆಗುತ್ತದೆ. ಒಟ್ಟು 2 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹೊಟ್ಟೆಗೆ ಹೋಯಿತು. ಅಂದ್ರೆ ಸಿರಪ್ಪಿನ ಒಂದು ಡೋಸಿಗಿಂತ ಜಾಸ್ತಿ, ಪ್ರತಿದಿನ, ಚೀಟಿ ಇಲ್ಲದೆ, ಪರೀಕ್ಷೆ ಇಲ್ಲದೆ. "ಇದು ಹಾರ್ಟಿಗೆ ಒಳ್ಳೇದಂತೆ, ಒಂಚೂರು ಜಾಸ್ತಿ ಹಾಕಿದರೂ ಪರವಾಗಿಲ್ಲ" ಅಂತ ಕೈ ಧಾರಾಳ ಆದರೆ ಲೆಕ್ಕ ಇನ್ನೂ ಏರುತ್ತದೆ.

ಸಿರಪ್ಪಿನ ಕಥೆಯೂ ಹೇಳಲೇಬೇಕು. ಕಾಲು ಊದಿಕೊಂಡಿದ್ದಕ್ಕೆ ನೀರು ಹೋಗುವ ಮಾತ್ರೆ ಕೊಟ್ಟಿರುತ್ತಾರೆ, ಅದರಿಂದ ಪೊಟ್ಯಾಸಿಯಂ ಇಳಿದಿತ್ತು ಅಂತ ಐದು ದಿನಕ್ಕೆ ಸಿರಪ್ ಬರೆದಿರುತ್ತಾರೆ. ಐದು ದಿನ ಮುಗಿದರೂ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೊಂದು ಬಾಟಲಿ ತರುತ್ತಾರೆ. ಈ ನಡುವೆ ಬೇರೆ ಡಾಕ್ಟರು ನೀರಿನ ಮಾತ್ರೆ ಬದಲಿಸಿ ಸ್ಪೈರೋನೊಲ್ಯಾಕ್ಟೋನ್ ಹಾಕಿರುತ್ತಾರೆ. ಸಿರಪ್ ಬಗ್ಗೆ ಅವರಿಗೆ ಯಾರೂ ಹೇಳಿರಲ್ಲ, ಯಾಕಂದ್ರೆ ಮನೆಯವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, "ಟಾನಿಕ್". ಊರಿಗೆ ಹೋದಾಗ ಫ್ರಿಜ್ ಮೇಲೆ, ದೇವರ ಮನೆ ಪಕ್ಕದ ಗೂಡಿನಲ್ಲಿ ಇಂಥ ಬಾಟಲಿ ಇದೆಯಾ ನೋಡಿ. ಇದ್ದರೆ ಇನ್ನೂ ಕುಡಿಯಬೇಕಾ ಅಂತ ಡಾಕ್ಟರನ್ನು ಕೇಳಿ. ಅಳತೆ ಇಲ್ಲದ ಅಡುಗೆ ಚಮಚದಲ್ಲಿ ಕುಡಿಯೋದು, ನೀರು ಬೆರೆಸದೆ ಕುಡಿಯೋದು ಎರಡೂ ತಪ್ಪು. ನೀರು ಬೆರೆಸದಿದ್ದರೆ ಹೊಟ್ಟೆ ಉರಿದು ವಾಂತಿ ಆಗುತ್ತದೆ.

ಎಳನೀರು? ಈ ಪ್ರಶ್ನೆ ಬಂದೇ ಬರುತ್ತೆ. ಗಾತ್ರ ನೋಡಿಕೊಂಡು ಒಂದು ಎಳನೀರಿನಲ್ಲಿ ಸುಮಾರು 500ರಿಂದ 700 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಒಂದು ದೊಡ್ಡ ಬಾಳೆಹಣ್ಣಿಗಿಂತ ಜಾಸ್ತಿ. ಆರೋಗ್ಯವಂತರು ಒಂದು ಕುಡಿದರೆ ಏನೂ ಆಗಲ್ಲ. ಆದರೆ ಅತಿ ಆದರೆ ಅವರಿಗೂ ಅಪಾಯವೇ. 2014ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣ ಪ್ರಕಟವಾಗಿತ್ತು. ಬಿಸಿಲಲ್ಲಿ ದಿನವಿಡೀ ಟೆನಿಸ್ ಆಡಿದ ವ್ಯಕ್ತಿಯೊಬ್ಬ ಎಳನೀರಿನ ಎಂಟು ಬಾಟಲಿ ಕುಡಿದು ಕುಸಿದುಬಿದ್ದಿದ್ದ. ಎಲ್ಲಾ ಸೇರಿ ಎರಡೂವರೆ ಲೀಟರಿಗೂ ಜಾಸ್ತಿ. ರಕ್ತದ ಪೊಟ್ಯಾಸಿಯಂ 6.9 ಇತ್ತು. ಕಿಡ್ನಿ ಕಾಯಿಲೆ ಇರುವವರಿಗೆ ಎಂಟು ಬೇಕಾಗಿಲ್ಲ. ನಮ್ಮಲ್ಲಿ ಕಾಯಿಲೆಯವರನ್ನು ನೋಡೋಕೆ ಹೋದವರೆಲ್ಲಾ ಒಂದೊಂದು ಎಳನೀರು ಹಿಡಿದುಕೊಂಡೇ ಹೋಗೋದು, ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ನೋಡೋಕೂ ಹಾಗೇ. ಬೇರೇನಾದರೂ ತಗೊಂಡು ಹೋಗಿ, ದಯವಿಟ್ಟು.

ಪೊಟ್ಯಾಸಿಯಂ ಏರಿದರೆ ಗೊತ್ತಾಗುವುದು ಹೇಗೆ? ಇಲ್ಲೇ ಇರೋದು ಕಷ್ಟ. ನಿಧಾನಕ್ಕೆ ಏರಿದಾಗ ಏನೂ ಗೊತ್ತಾಗದೆಯೂ ಇರಬಹುದು. ಒಮ್ಮೆಗೇ ಹೆಚ್ಚು ನುಂಗಿದವರಿಗೆ ಮೊದಲು ಹೊಟ್ಟೆ ಹೇಳುತ್ತದೆ: ಓಕರಿಕೆ, ವಾಂತಿ, ಹೊಟ್ಟೆನೋವು, ಭೇದಿ. ಆಮೇಲೆ ಕೈಕಾಲು ಜುಮ್ಮೆನ್ನುವುದು, ತೊಡೆಗಳಲ್ಲಿ ಶಕ್ತಿ ಇಲ್ಲದಂತಾಗುವುದು. "ಮೆಟ್ಟಿಲು ಹತ್ತೋಕಾಗ್ತಿಲ್ಲ, ಕಾಲೇ ಏಳ್ತಿಲ್ಲ" ಅಂತಾರೆ. ಮನೆಯವರು ವಯಸ್ಸಾಯ್ತು, ಸುಸ್ತು ಅಂದುಕೊಳ್ಳುತ್ತಾರೆ. ಎದೆ ಡವಗುಟ್ಟಬಹುದು, ನಾಡಿ ನಿಧಾನವಾಗಬಹುದು, ತಲೆ ಸುತ್ತಿ ಬೀಳಬಹುದು. ಕೆಲವರಲ್ಲಿ ಇದ್ಯಾವುದೂ ಇಲ್ಲದೆ ಮೊದಲ ಲಕ್ಷಣವೇ ಹೃದಯದ ಲಯ ತಪ್ಪುವುದು. ಅದಕ್ಕೇ ಲಕ್ಷಣ ಬರಲಿ ಆಮೇಲೆ ನೋಡೋಣ ಅನ್ನುವ ಕಾಯಿಲೆ ಇದಲ್ಲ.

ಯಾರಾದರೂ ಪೊಟ್ಯಾಸಿಯಂ ಮಾತ್ರೆಯನ್ನೋ ಸಿರಪ್ಪನ್ನೋ ಹೆಚ್ಚು ತಗೊಂಡಿದ್ದಾರೆ ಅಂತ ಗೊತ್ತಾದರೆ, ಮಗುವಾಗಲಿ ಮುದುಕರಾಗಲಿ, ಚೆನ್ನಾಗಿ ಕಾಣ್ತಿದ್ದಾರಲ್ಲ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಇಸಿಜಿ ಮತ್ತು ಐಸಿಯು ಇರುವ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿ, ಮಾತ್ರೆ ಪಟ್ಟಿ, ದಿನಾ ತಗೊಳ್ಳುವ ಮಾತ್ರೆಗಳ ಡಬ್ಬಿ ಎಲ್ಲಾ ಜೊತೆಗೆ ಒಯ್ಯಿರಿ. ಬೇಕೆಂದೇ ನುಂಗಿದ್ದಾರೆ ಅನ್ನುವ ಅನುಮಾನವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಡಾಕ್ಟರಿಗೆ ಅದು ತೀರ್ಪು ಕೊಡೋಕೆ ಬೇಕಾದ ಮಾಹಿತಿಯಲ್ಲ, ಇನ್ನೇನು ನುಂಗಿರಬಹುದು ಅಂತ ಹುಡುಕೋಕೆ ಬೇಕಾದದ್ದು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಕಾರಿಡಾರಿನಲ್ಲಿ ನಿಂತವರಿಗೆ ಸ್ವಲ್ಪ ಧೈರ್ಯ. ಮೊದಲು ಇಸಿಜಿ. ಪೊಟ್ಯಾಸಿಯಂ ಏರಿದಾಗ ಇಸಿಜಿಯ ಟಿ ಅಲೆ ಡೇರೆಯ ತುದಿಯಂತೆ ಚೂಪಾಗಿ ಏಳುತ್ತದೆ. ಇನ್ನೂ ಏರಿದರೆ ಪಿ ಅಲೆ ಮಾಯವಾಗುತ್ತದೆ, ನಡುವಿನ ಗೆರೆಗಳು ಅಗಲವಾಗುತ್ತಾ ಹೋಗಿ ಕೊನೆಗೆ ಹಾವು ಹರಿದಂತೆ ಕಾಣುತ್ತದೆ. ಆ ಹಂತದಲ್ಲಿ ಹೃದಯ ನಿಲ್ಲೋಕೆ ಹೆಚ್ಚು ಹೊತ್ತು ಬೇಡ. ಆದರೆ ಪೊಟ್ಯಾಸಿಯಂ ಜಾಸ್ತಿ ಇದ್ದೂ ಇಸಿಜಿ ಮಾಮೂಲಿಯಾಗಿರಬಹುದು. "ಇಸಿಜಿ ನಾರ್ಮಲ್ ಇದೆ, ಮನೆಗೆ ಹೋಗ್ತೀವಿ" ಅಂತ ಹಟ ಮಾಡಬೇಡಿ.

ಇಸಿಜಿ ಕೆಟ್ಟಿದ್ದರೆ ರಕ್ತದ ರಿಪೋರ್ಟಿಗೂ ಕಾಯದೆ ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದನ್ನು ನರಕ್ಕೆ ಕೊಡುತ್ತಾರೆ. ಇದು ಪೊಟ್ಯಾಸಿಯಂ ಅನ್ನು ಒಂದು ಚೂರೂ ಇಳಿಸುವುದಿಲ್ಲ. ಹೃದಯದ ಸ್ನಾಯುವಿಗೆ ಅದರ ಹೊಡೆತ ತಟ್ಟದಂತೆ ಅಡ್ಡ ನಿಲ್ಲುತ್ತದೆ. ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆ ಉಳಿಯುತ್ತದೆ. ಹೃದಯ ಬಡಿಯಲು ಕ್ಯಾಲ್ಸಿಯಂ ಎಷ್ಟು ಮುಖ್ಯ ಅಂತ ತೋರಿಸಿದ್ದು 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ಶುದ್ಧ ನೀರಿನಲ್ಲಿ ಮಾಡಿದ ಉಪ್ಪುನೀರಿನಲ್ಲಿ ಕಪ್ಪೆಯ ಹೃದಯ ಬಡಿಯದೆ ನಿಲ್ಲುತ್ತಿತ್ತು, ಲಂಡನ್ನಿನ ನಲ್ಲಿನೀರಿನಲ್ಲಿ ಮಾಡಿದ್ದರಲ್ಲಿ ಬಡಿಯುತ್ತಿತ್ತು. ನಲ್ಲಿನೀರಿನಲ್ಲಿದ್ದ ಕ್ಯಾಲ್ಸಿಯಂ ಅದಕ್ಕೆ ಕಾರಣ. ಆಸ್ಪತ್ರೆಯಲ್ಲಿ ಆರ್‌ಎಲ್ ಡ್ರಿಪ್ ಅಂತ ಹಾಕ್ತಾರಲ್ಲ, ಅದರ ಮೊದಲಕ್ಷರ ಈ ರಿಂಗರ್ ಅವರದ್ದೇ.

ಕ್ಯಾಲ್ಸಿಯಂ ಕೊಟ್ಟುಕೊಂಡ ಆ ಸಮಯದಲ್ಲಿ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶದೊಳಗೆ ಕಳಿಸುವ ಕೆಲಸ. ಅದಕ್ಕೆ ಇನ್ಸುಲಿನ್. ಜೊತೆಗೆ ಗ್ಲೂಕೋಸ್ ಕೊಡುತ್ತಾರೆ, ಇಲ್ಲದಿದ್ದರೆ ಶುಗರ್ ಕುಸಿದುಬಿಡುತ್ತದೆ. ಶುಗರ್ ಇಲ್ಲದ ನಮ್ಮಮ್ಮನಿಗೆ ಇನ್ಸುಲಿನ್ ಯಾಕೆ ಕೊಟ್ರಿ ಅಂತ ಜಗಳಕ್ಕೆ ಬರುವವರಿದ್ದಾರೆ, ಕಾರಣ ಇದೇ. ಉಬ್ಬಸದವರಿಗೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಜರನ್ನು ದೊಡ್ಡ ಡೋಸಿನಲ್ಲಿ ಕೊಟ್ಟರೂ ಇದೇ ಪರಿಣಾಮ. ರಕ್ತ ಆಮ್ಲೀಯವಾಗಿದ್ದರೆ ಸೋಡಿಯಂ ಬೈಕಾರ್ಬನೇಟ್ ಕೊಡುವುದುಂಟು.

ಆದರೆ ಇವೆಲ್ಲಾ ಕಸವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಗುಡಿಸಿದ ಹಾಗೆ. ಪೊಟ್ಯಾಸಿಯಂ ಇನ್ನೂ ಮೈಯೊಳಗೇ ಇದೆ. ಕೆಲವು ಗಂಟೆ ಬಿಟ್ಟು ಮತ್ತೆ ರಕ್ತಕ್ಕೆ ಬರುತ್ತದೆ. ಅದಕ್ಕೇ ಮತ್ತೆ ಮತ್ತೆ ರಕ್ತ ತೆಗೆಯೋದು. ಹೊರಹಾಕಲು ಕಿಡ್ನಿ ಕೆಲಸ ಮಾಡುತ್ತಿದ್ದರೆ ಡ್ರಿಪ್ ಮತ್ತು ಮೂತ್ರ ಹೆಚ್ಚಿಸುವ ಚುಚ್ಚುಮದ್ದು, ಕರುಳಿನಲ್ಲಿ ಪೊಟ್ಯಾಸಿಯಂ ಹಿಡಿದುಕೊಳ್ಳುವ ಪುಡಿಗಳು. ಪುಡಿ ನಿಧಾನ, ತುರ್ತಿಗೆ ಅದನ್ನೊಂದೇ ನಂಬುವಂತಿಲ್ಲ. ಕಿಡ್ನಿ ಕೈಕೊಟ್ಟಿದ್ದರೆ ಡಯಾಲಿಸಿಸ್. ಅದು ಪೊಟ್ಯಾಸಿಯಂ ಅನ್ನು ನಿಜವಾಗಿ ಮೈಯಿಂದ ಹೊರತೆಗೆಯುತ್ತದೆ. "ಒಂದು ಸಲ ಡಯಾಲಿಸಿಸ್ ಮಾಡಿದ್ರೆ ಜೀವನಪೂರ್ತಿ ಮಾಡಬೇಕು" ಅನ್ನುವ ಹೆದರಿಕೆಯಲ್ಲಿ ಸಹಿ ಹಾಕದೆ ಎರಡು ಗಂಟೆ ಕಳೆಯುವ ಕುಟುಂಬಗಳಿವೆ. ತಾತ್ಕಾಲಿಕ ಏರಿಕೆಗೆ ಒಂದೆರಡು ಸಲ ಸಾಕಾಗಿ ನಿಂತುಹೋಗುವುದೂ ಇದೆ. ಆ ಹೊತ್ತಲ್ಲಿ ಫೋನಿನಲ್ಲಿ ನಿಮ್ಮ ಅಭಿಪ್ರಾಯ ಕೇಳುತ್ತಾರೆ, ನೆನಪಿರಲಿ.

ಮಾತ್ರೆ ನುಂಗಿದವರ ವಿಷಯ ಇನ್ನೊಂದಿದೆ. ಪೊಟ್ಯಾಸಿಯಂ ಮಾತ್ರೆಗಳು ಹೆಚ್ಚಾಗಿ ನಿಧಾನವಾಗಿ ಕರಗುವ ತರಹದವು. ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಗಂಟೆಗಟ್ಟಲೆ ಪೊಟ್ಯಾಸಿಯಂ ಬಿಡುತ್ತಾ ಇರಬಹುದು. ಮೊದಲ ರಿಪೋರ್ಟ್ 4.8 ಇದ್ದದ್ದು ಸಂಜೆ ಹೊತ್ತಿಗೆ 7 ಆಗಬಹುದು. ಬೇರೆ ವಿಷಗಳಿಗೆ ಕೊಡುವ ಇದ್ದಿಲ ಪುಡಿ ಪೊಟ್ಯಾಸಿಯಂ ಅನ್ನು ಹಿಡಿಯುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರೆಗಳು ಕಂಡರೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಕೊಟ್ಟು ಇಡೀ ಕರುಳು ತೊಳೆಯುತ್ತಾರೆ. ಹೀಗಾಗಿ "ಇನ್ನೊಂದು ದಿನ ಇರಲಿ" ಅಂತ ಡಾಕ್ಟರು ಹೇಳಿದರೆ ಅದು ಬಿಲ್ ಏರಿಸೋಕೆ ಅಂತಲೇ ಅಂದುಕೊಳ್ಳಬೇಡಿ.

ಮತ್ತೆ ಅಡುಗೆಮನೆಗೆ. ಪೊಟ್ಯಾಸಿಯಂ ಕಡಿಮೆ ತಿನ್ನಬೇಕು ಅಂತ ಡಾಕ್ಟರು ಹೇಳಿರುವ ಕಿಡ್ನಿ ರೋಗಿಗಳಿಗೆ ತರಕಾರಿ, ಸೊಪ್ಪು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಅನ್ನುತ್ತೇವೆ. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ ಅಂತ. ಆದರೆ ನಮ್ಮ ಹಳೇ ಮೈಸೂರು ಕಡೆ ಆ ನೀರಿಗೆ ಒಂದು ಹೆಸರೇ ಇದೆ, ಬಸ್ಸಾರು! ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು. ಪಲ್ಯದಿಂದ ತೆಗೆದದ್ದೆಲ್ಲಾ ಮುದ್ದೆಯ ಜೊತೆ ವಾಪಸ್ ಹೊಟ್ಟೆಗೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಅವರ ತಟ್ಟೆಗೆ ಪಲ್ಯ ಇರಲಿ, ಬಸ್ಸಾರು ಬೇಡ. ಬೇರೆಯವರು ಸುಖವಾಗಿ ಉಣ್ಣಲಿ.

ಹಾಸನದ ಅಪ್ಪನಿಗೆ ಉಪ್ಪು ಕಡಿಮೆ ಮಾಡುವ ದಾರಿ? ಮಾಮೂಲಿ ಉಪ್ಪನ್ನೇ ಇಳಿಸಬೇಕು, ವಾರಕ್ಕೆ ಸ್ವಲ್ಪ ಸ್ವಲ್ಪ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಹುಣಸೆ, ನಿಂಬೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಸಪ್ಪೆಯನ್ನು ಮರೆಸುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೇ ಅರ್ಧ ಗೆದ್ದಂತೆ. ರಿಪೋರ್ಟ್‌ನಲ್ಲಿ ಕಿಡ್ನಿ, ಪೊಟ್ಯಾಸಿಯಂ ಎರಡೂ ಚೆನ್ನಾಗಿದ್ದು, ಅವರನ್ನು ನೋಡುವ ಡಾಕ್ಟರು ಒಪ್ಪಿದರೆ ಲೋ ಸೋಡಿಯಂ ಉಪ್ಪಿನ ಮಾತು ಮತ್ತೆ ಎತ್ತಬಹುದು. ಆಗ ಮರುಪರೀಕ್ಷೆ ಎಷ್ಟು ದಿನಕ್ಕೆ ಅಂತಲೂ ಕೇಳಿಟ್ಟುಕೊಳ್ಳಿ.

ಆ ರಕ್ತಪರೀಕ್ಷೆಗೆ ಲ್ಯಾಬಿನಲ್ಲಿ ಕೇಳಬೇಕಾದದ್ದು ಕ್ರಿಯಾಟಿನಿನ್ ಮತ್ತು ಎಲೆಕ್ಟ್ರೋಲೈಟ್ಸ್. ದುಬಾರಿಯದ್ದಲ್ಲ, ಇಡೀ ಮೈ ಚೆಕಪ್ ಪ್ಯಾಕೇಜ್ ಬೇಕಾಗಿಲ್ಲ. ರಕ್ತ ತೆಗೆಯುವಾಗ ಮುಷ್ಟಿ ಬಿಗಿಹಿಡಿದು ಪದೇ ಪದೇ ಹಿಸುಕಬೇಡಿ ಅಂತ ಅಪ್ಪನಿಗೆ ಹೇಳಿ. ಹಾಗೆ ಮಾಡಿದರೆ, ಅಥವಾ ಟ್ಯೂಬಿನಲ್ಲಿ ರಕ್ತಕಣಗಳು ಒಡೆದರೆ, ಒಳಗಿನ ಪೊಟ್ಯಾಸಿಯಂ ಸೋರಿ ರಿಪೋರ್ಟ್ ಸುಳ್ಳೇ ಜಾಸ್ತಿ ತೋರಿಸುತ್ತದೆ. 5.8 ಬಂತು, ಅಪ್ಪ ಆರಾಮಾಗಿದ್ದಾರೆ ಅಂದರೆ "ಲ್ಯಾಬ್ ತಪ್ಪು" ಅಂತ ಮನೆಯಲ್ಲೇ ತೀರ್ಮಾನಿಸದೆ ಅದೇ ದಿನ ಡಾಕ್ಟರಿಗೆ ತೋರಿಸಿ. ಒಂದು ಇಸಿಜಿ, ಇನ್ನೊಂದು ಸಲ ರಕ್ತ, ಅಲ್ಲಿಗೆ ಗೊತ್ತಾಗುತ್ತದೆ.